ಲೇತ್ ಕೆಟ್ಟ ದಿನಗಳ ಲೆಕ್ಕ

ಬೆಂಗಳೂರಿನ ಪೀಣ್ಯದ ಸಣ್ಣ ಶೆಡ್ಡುಗಳಲ್ಲಿ ಲೇತಿನ ಪಕ್ಕ ಎಣ್ಣೆ ಬೆರಳಿನ ಗುರುತು ಬಿದ್ದ ಒಂದು ರಿಜಿಸ್ಟರ್ ತೂಗುತ್ತಿರುತ್ತದೆ. ಬೆಲ್ಟ್ ಹರಿದದ್ದು, ಬೇರಿಂಗ್ ಕಿರುಗುಟ್ಟಿದ್ದು, ಕೂಲೆಂಟ್ ಪಂಪು ನಿಂತದ್ದು, ಎಲ್ಲ ತಾರೀಖಿನ ಸಮೇತ. ದಯವಿಟ್ಟು ಅದನ್ನು ರದ್ದಿಗೆ ಹಾಕಬೇಡಿ.

ಬಲ್ಬು ಸುಟ್ಟರೆ ಕಥೆ ಮುಗಿಯಿತು. ನೂರು ಬಲ್ಬುಗಳ ಆಯಸ್ಸನ್ನು ಹಿಂದುಮುಂದಾಗಿ ಬರೆದರೂ ನಷ್ಟವಿಲ್ಲ. ಲೇತ್ ಕೆಡುತ್ತದೆ, ರಿಪೇರಿಯಾಗುತ್ತದೆ, ಮತ್ತೆ ದುಡಿಯುತ್ತದೆ. 1953ರಲ್ಲಿ ಹುಟ್ಟಿದ ಎಚ್‌ಎಂಟಿಯ ಹಳೆಯ ಲೇತ್‌ಗಳು ಹೀಗೆಯೇ ಬಾಳಿವೆ. ಇಂಥ ಯಂತ್ರದಲ್ಲಿ ಯಾವುದು ಮೊದಲು, ಯಾವುದು ಆಮೇಲೆ ಎಂಬುದೇ ಮುಖ್ಯ ಸುದ್ದಿ. ಆಶರ್ ಮತ್ತು ಫೀನ್‌ಗೋಲ್ಡ್ ರಿಪೇರಿಯಾಗುವ ಯಂತ್ರಗಳ ಕುರಿತ 1984ರ ತಮ್ಮ ಪುಸ್ತಕದಲ್ಲಿ ಪಟ್ಟುಹಿಡಿದು ಹೇಳಿದ್ದು ಇದನ್ನೇ.

ಒಂದು ಲೇತ್ ಕೆಟ್ಟ ದಿನಗಳ ನಡುವಿನ ಅಂತರ ಹೀಗಿದೆ ಎಂದಿಟ್ಟುಕೊಳ್ಳಿ: 40, 36, 38, 31, 33, 90, 24, 20 ದಿನ. ಮೊದಲ ನಾಲ್ಕರ ಸರಾಸರಿ 36.25, ಕೊನೆಯ ನಾಲ್ಕರದ್ದು 41.75. ಲೇತ್ ಸುಧಾರಿಸಿತು ಎಂದು ಮಾಲೀಕರು ಹಿಗ್ಗಬಹುದು. ಆದರೆ ಆ 90 ಬಂದದ್ದು 2020ರ ಲಾಕ್‌ಡೌನಿನಿಂದ: ಶೆಡ್ಡಿಗೆ ಬೀಗ ಬಿದ್ದಿತ್ತು, ಕ್ಯಾಲೆಂಡರ್ ಓಡಿತು, ಲೇತ್ ಓಡಲಿಲ್ಲ. ಓಡಿದ ಗಂಟೆಗಳನ್ನೇ ಬರೆದಿಟ್ಟಿದ್ದರೆ ಈ ತೊಡಕೇ ಇರುತ್ತಿರಲಿಲ್ಲ. ಹೆಚ್ಚಿನ ಕಡೆ ಸಿಗುವುದು ತಾರೀಖು ಮಾತ್ರ.

ಸರಾಸರಿಯ ಬದಲು ನಡುವಿನ ಬೆಲೆ, ಅಂದರೆ ಮಧ್ಯಾಂಕ ನೋಡಿ: 37 ಇದ್ದದ್ದು 28.5ಕ್ಕೆ ಇಳಿದಿದೆ. ಇನ್ನೂ ಗಟ್ಟಿಯಾದ ದಾರಿಯನ್ನು ಗಣಿತಜ್ಞ ಹೆನ್ರಿ ಮಾನ್ 1945ರಲ್ಲಿ ತೋರಿಸಿದರು. ಪ್ರತಿ ಅಂತರವನ್ನೂ ಅದರ ನಂತರದ ಒಂದೊಂದರ ಜೊತೆ ಹೋಲಿಸಿ, ಆಮೇಲಿನದು ಚಿಕ್ಕದೋ ದೊಡ್ಡದೋ ಎಂದಷ್ಟೇ ಎಣಿಸಬೇಕು. ಎಂಟು ಅಂತರಗಳಿಂದ 28 ಜೋಡಿ. 21ರಲ್ಲಿ ಅಂತರ ಕುಗ್ಗಿದೆ, 7ರಲ್ಲಿ ಹಿಗ್ಗಿದೆ. 90ರ ಜಾಗದಲ್ಲಿ 900 ಬರೆದರೂ ಈ ಎಣಿಕೆ ಕದಲದು. ನನಗೆ ಅತಿ ಇಷ್ಟವಾಗುವ ಗುಣ ಇದು: ವಿಚಿತ್ರವಾದ ಒಂದು ಸಂಖ್ಯೆಗೂ ಉಳಿದವುಗಳಷ್ಟೇ ಮತ.

ಅಂತರಗಳು ಮನಬಂದ ಕ್ರಮದಲ್ಲಿ ಬಿದ್ದಿದ್ದರೆ, ಕುಗ್ಗುವ ಕಡೆಗೆ ಇಷ್ಟೋ ಇದಕ್ಕಿಂತ ಹೆಚ್ಚೋ ವಾಲುವ ಸಂಭವ ನೂರಕ್ಕೆ ಸುಮಾರು 5. ಮುಂದಿನ ಅಂತರ 18 ದಿನವಾದರೆ ಆ ಸಂಭವ ನೂರಕ್ಕೆ ಸುಮಾರು 1ಕ್ಕೆ ಇಳಿಯುತ್ತದೆ. ನಾನಾದರೆ ಅಲ್ಲಿಯವರೆಗೆ ಕಾಯುವುದಿಲ್ಲ. ಈ ಭಾನುವಾರವೇ ಹೆಡ್‌ಸ್ಟಾಕ್ ಬಿಚ್ಚಿಸಿ ಬೇರಿಂಗ್ ನೋಡಿಸುತ್ತೇನೆ.