ಕಾರ್ಮಿಕರಿಗೆ ಇ.ಎಸ್.ಐ., ಮಾಲಕರಿಗೆ ಮೆಡಿಕ್ಲೇಮ್: ಹೆಸರು ಬರೆಸುವಾಗ ನೋಡಬೇಕಾದದ್ದು



ಕಿಚನ್‌ನಲ್ಲಿ ಹುಡುಗನ ಕೈಮೇಲೆ ಕುದಿಯುವ ಎಣ್ಣೆ ಬಿದ್ದರೆ ನಾವು ಗಲ್ಲಾದಿಂದ ಹಣ ತೆಗೆದುಕೊಂಡು ಆಸ್ಪತ್ರೆಗೆ ಓಡುತ್ತೇವೆ. ಹತ್ತಿಪ್ಪತ್ತು ಸಾವಿರದ ತನಕ ಅದು ನಡೆಯುತ್ತದೆ. ಬಿಲ್ಲು ಲಕ್ಷ ದಾಟಿದರೆ ಮಾಲಕನಿಗೂ ಆಗುವುದಿಲ್ಲ, ಹುಡುಗನಿಗೂ ಆಗುವುದಿಲ್ಲ. ಅರ್ಧ ಚಿಕಿತ್ಸೆಯಲ್ಲೇ ಅವನನ್ನು ಊರಿನ ಬಸ್ಸು ಹತ್ತಿಸಿದ್ದೂ ನಮ್ಮ ಉದ್ಯಮದಲ್ಲಿ ಉಂಟು. ಇದಕ್ಕೆ ಉಪಾಯವಿದೆ, ಆದರೆ ಹೆಸರು ಮೊದಲೇ ಬರೆಸಿರಬೇಕು.

2025ರ ನವೆಂಬರ್ 21ರಂದು ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯಂತೆ 10 ಅಥವಾ ಹೆಚ್ಚು ನೌಕರರಿರುವ ಹೊಟೇಲಿಗೆ, ಅದು ದೇಶದ ಯಾವ ಊರಿನಲ್ಲಿದ್ದರೂ, ಇ.ಎಸ್.ಐ. ಕಡ್ಡಾಯ. ಅದಕ್ಕಿಂತ ಕಡಿಮೆ ಜನರಿದ್ದರೆ, ಮಾಲಕರೂ ಹೆಚ್ಚಿನ ನೌಕರರೂ ಒಪ್ಪಿ ತಾವಾಗಿ ಸೇರಬಹುದು. ತಿಂಗಳ ಸಂಬಳ 21,000 ರೂ. ತನಕ ಇರುವವರು ಇದರಲ್ಲಿ ಬರುತ್ತಾರೆ. ಮಾಲಕನ ಪಾಲು ಶೇ. 3.25, ನೌಕರನದು ಶೇ. 0.75. ಅಂದರೆ 15,000 ರೂ. ಸಂಬಳದ ಸಪ್ಲೈಯರ್‌ಗೆ ನಾವು ಕಟ್ಟುವುದು 488 ರೂ., ಅವನ ಸಂಬಳದಿಂದ ಹಿಡಿಯುವುದು 113 ರೂ. ನಾವು ದಿನವೂ ಚೆಲ್ಲುವ ಸಾಂಬಾರಿನ ಬೆಲೆ ಇದಕ್ಕಿಂತ ಹೆಚ್ಚಿರಬಹುದು.

"ಹುಡುಗ ಮೂರು ತಿಂಗಳಲ್ಲಿ ಓಡಿಹೋಗುತ್ತಾನೆ, ಅವನಿಗೆಂಥ ಇ.ಎಸ್.ಐ.?" ಎಂದು ಕೇಳುವವರಿದ್ದಾರೆ. ಎಣ್ಣೆ ಮೂರು ತಿಂಗಳು ಕಾದು ಬೀಳುವುದಿಲ್ಲವಲ್ಲ. ಹೆಸರು ಬರೆಸಿದ ದಿನದಿಂದಲೇ ಅವನಿಗೂ ಮನೆಯವರಿಗೂ ಚಿಕಿತ್ಸೆ ಸಿಗುತ್ತದೆ. ಕೆಲಸದಲ್ಲಿ ಗಾಯವಾದರೆ ವಾಸಿಯಾಗುವ ತನಕ ಸಂಬಳದ ಶೇ. 90 ನಿಗಮವೇ ಕೊಡುತ್ತದೆ. ಅದಕ್ಕೆ ಇಷ್ಟು ತಿಂಗಳು ಕಟ್ಟಿರಬೇಕೆಂಬ ಷರತ್ತಿಲ್ಲ. ಜ್ವರ, ಕಾಮಾಲೆಯಂಥ ಕಾಯಿಲೆಯಾದರೆ ವರ್ಷಕ್ಕೆ 91 ದಿನಗಳ ತನಕ ಶೇ. 70 ಸಿಗುತ್ತದೆ. ಆದರೆ ಈ ಹಣಕ್ಕೆ ಹೊಸಬರು ಸುಮಾರು 9 ತಿಂಗಳು ಕಾಯಬೇಕು. ಸಂಬಳ ಕಡಿಮೆ ಬರೆದು ಕಂತು ಉಳಿಸುವ ರೂಢಿ ಕೆಲವೆಡೆ ಇದೆ. ಹಾಗೆ ಮಾಡಿದರೆ ಹುಡುಗನಿಗೆ ಸಿಗುವ ಹಣವೂ ಆ ಬರೆದ ಸಂಬಳದ ಮೇಲೆಯೇ. ಹೆಸರೇ ಬರೆಸದಿದ್ದರೆ ನಿಗಮವು ಆದ ಖರ್ಚನ್ನು ಮಾಲಕನಿಂದ ವಸೂಲು ಮಾಡಬಹುದು.

ನಮ್ಮ ಹೊಟೇಲಿನಲ್ಲಿ ನಾವು ಹೊಸ ಹುಡುಗ ಬಂದ ಕೂಡಲೇ ಹಳೆಯ ಇ.ಎಸ್.ಐ. ನಂಬರ್ ಇದೆಯೇ ಎಂದು ಕೇಳುತ್ತೇವೆ. ಹೊಟೇಲು ಬದಲಾದರೂ ನಂಬರ್ ಅದೇ ಇರಬೇಕು. ಹೊಸದು ಮಾಡಿಸಿದರೆ ಹಿಂದೆ ಕಟ್ಟಿದ್ದು ಲೆಕ್ಕಕ್ಕೆ ಸಿಗದೆ ಹೋಗುತ್ತದೆ. ಇನ್ನೊಂದು ವಿಷಯ ಬಹಳ ಜನರಿಗೆ ಗೊತ್ತಿಲ್ಲ. ಹೆಂಡತಿ ಮಕ್ಕಳು ಕುಂದಾಪುರದಲ್ಲೋ ಬಿಹಾರದಲ್ಲೋ ಇದ್ದರೆ ಅವರಿಗೆ ಅಲ್ಲಿಯದೇ ಡಿಸ್ಪೆನ್ಸರಿ ಬರೆಸಬಹುದು. ಫಾರ್ಮಿನಲ್ಲಿ ಆ ಜಾಗ ಖಾಲಿ ಬಿಡಬೇಡಿ. ಎಲ್ಲರ ಆಧಾರ್ ಪ್ರತಿ ಮೊದಲೇ ತರಿಸಿಡಿ.

ಸಂಬಳ 21,000 ದಾಟಿದ ಮ್ಯಾನೇಜರ್, ದೊಡ್ಡ ಭಟ್ಟರು ಇದರಲ್ಲಿ ಬರುವುದಿಲ್ಲ. ನಾವು ಮಾಲಕರೂ ಬರುವುದಿಲ್ಲ. ನಮಗೆ ಮೆಡಿಕ್ಲೇಮೇ ಗತಿ. ಎಲ್ಲರ ಹಿಂದೆ ಬಿದ್ದು ಕೆಲಸ ಮಾಡಿಸುವ ನಮ್ಮಲ್ಲೇ ಎಷ್ಟೋ ಮಂದಿಗೆ ಪಾಲಿಸಿ ಇಲ್ಲ. ಈಗ ಮಾಡಿಸಲು ಕೆಲವು ಅನುಕೂಲಗಳಿವೆ. 2025ರ ಸೆಪ್ಟೆಂಬರ್ 22ರಿಂದ ವ್ಯಕ್ತಿ ಅಥವಾ ಕುಟುಂಬದ ಪಾಲಿಸಿಗೆ ಜಿ.ಎಸ್.ಟಿ. ಇಲ್ಲ. ಮೊದಲು ಶೇ. 18 ಇತ್ತು. ಮೊದಲೇ ಇರುವ ಕಾಯಿಲೆಗೆ ಕಾಯುವ ಅವಧಿ 2024ರ ನಿಯಮದಂತೆ 3 ವರ್ಷ ಮೀರುವಂತಿಲ್ಲ. ಹಳೆಯ ತೆರಿಗೆ ಪದ್ಧತಿಯಲ್ಲಿದ್ದರೆ ಕಂತಿಗೆ 25,000 ರೂ. ತನಕ ಕಡಿತವಿದೆ, ತಂದೆತಾಯಿ ಹಿರಿಯ ನಾಗರಿಕರಾಗಿದ್ದು ಅವರ ಕಂತನ್ನೂ ಕಟ್ಟಿದರೆ ಇನ್ನೂ 50,000. ಆದರೆ ಗಲ್ಲಾದ ನಗದು ಕೊಟ್ಟರೆ ಕಡಿತ ಸಿಗದು, ಚೆಕ್ಕಿನಲ್ಲಿ ಕಟ್ಟಿ.

ಶುಗರ್, ಬಿ.ಪಿ. ಇದ್ದರೆ ಫಾರ್ಮಿನಲ್ಲಿ ಬರೆಯಿರಿ. "ಬರೆದರೆ ಪ್ರೀಮಿಯಂ ಜಾಸ್ತಿ, ಬಿಟ್ಟುಬಿಡಿ" ಎನ್ನುವ ಏಜೆಂಟ್ ಕ್ಲೇಮಿನ ದಿನ ಫೋನು ಎತ್ತುವುದಿಲ್ಲ. ಪಾಲಿಸಿ ಕೈಗೆ ಬಂದ ಮೇಲೆ 30 ದಿನ ಓದಿ ನೋಡಲು ಅವಕಾಶವಿದೆ, ಬೇಡವೆಂದರೆ ಹಿಂದಿರುಗಿಸಬಹುದು. ರೂಮು ಬಾಡಿಗೆಗೆ ಮಿತಿ ಎಷ್ಟು ಎಂಬುದನ್ನು ಮೊದಲು ನೋಡಿ. ಮಿತಿ ಮೀರಿದ ರೂಮು ತೆಗೆದುಕೊಂಡರೆ ಡಾಕ್ಟರ ಫೀಸಿಗೂ ಕತ್ತರಿ ಬೀಳುವ ಪಾಲಿಸಿಗಳಿವೆ.

ಇನ್ನು ಮನೆಯಲ್ಲಿ 70 ವರ್ಷ ತುಂಬಿದವರಿದ್ದರೆ 2024ರ ಅಕ್ಟೋಬರ್ 29ರಂದು ಆರಂಭವಾದ ಆಯುಷ್ಮಾನ್ ವಯ ವಂದನಾ ಕಾರ್ಡ್ ಮಾಡಿಸಿ. ಆದಾಯದ ಮಿತಿ ಇಲ್ಲ, ಹೊಟೇಲು ಮಾಲಕರ ತಂದೆತಾಯಿಗೂ ಸಿಗುತ್ತದೆ. ಯೋಜನೆಗೆ ಸೇರಿದ ಆಸ್ಪತ್ರೆಯಲ್ಲಿ ವರ್ಷಕ್ಕೆ 5 ಲಕ್ಷ ರೂ. ತನಕ ಒಳರೋಗಿ ಚಿಕಿತ್ಸೆ, ಖಾಸಗಿ ಮೆಡಿಕ್ಲೇಮ್ ಇದ್ದರೂ ಅಡ್ಡಿಯಿಲ್ಲ. ವಯಸ್ಸಿಗೆ ಆಧಾರ್ ಕಾರ್ಡೇ ಲೆಕ್ಕ. ಊರಿನ ಹಿರಿಯರ ಆಧಾರಿನಲ್ಲಿ ಹುಟ್ಟಿದ ವರ್ಷ ತಪ್ಪಿರುವುದು ಸಾಮಾನ್ಯ, ಮುಂದಿನ ಸಲ ಊರಿಗೆ ಹೋದಾಗ ಅದನ್ನು ಮೊದಲು ತಿದ್ದಿಸಿ.