ಅರಿಯಲೂರಿನ ಚಿಪ್ಪುಗಳಲ್ಲಿ ಅಡಗಿದ ಕಡಲು

ತಮಿಳುನಾಡಿನ ಅರಿಯಲೂರು, ಪೆರಂಬಲೂರು ಜಿಲ್ಲೆಗಳಿಗೆ ಇಂದು ಕಡಲತೀರವಿಲ್ಲ. ಆದರೂ ಇಲ್ಲಿನ ಸುಣ್ಣಕಲ್ಲಿನ ಗಣಿಗಳಲ್ಲಿ, ಬೋಳು ಜೇಡಿಮಣ್ಣಿನ ದಿಬ್ಬಗಳಲ್ಲಿ ಅಕಶೇರುಕ ಕಡಲಜೀವಿಗಳ ಪಳೆಯುಳಿಕೆಗಳು ಹೇರಳವಾಗಿವೆ. ಕ್ರಿಟೇಷಿಯಸ್ ಯುಗದಲ್ಲಿ ಸಮುದ್ರವು ಈ ಒಳನಾಡಿಗೂ ನುಗ್ಗಿತ್ತು. 1860ರ ದಶಕದಲ್ಲೇ ಫರ್ಡಿನಾಂಡ್ ಸ್ಟೊಲಿಕ್ಜ್ಕಾ ಈ ಚಿಪ್ಪುಗಳನ್ನು ವಿವರವಾಗಿ ದಾಖಲಿಸತೊಡಗಿದ್ದರು.

ಇಲ್ಲಿ ಕಡಲಿತ್ತು ಎಂಬುದಕ್ಕೆ ಒಂದು ಚಿಪ್ಪು ಸಾಕು. ಅದು ಎಂತಹ ಕಡಲು ಎಂದು ತಿಳಿಯಲು ಚಿಪ್ಪಿನ ಜಾತಿಯ ಜೊತೆಗೆ ಅದು ಹುದುಗಿದ್ದ ಪದರವೂ ಬೇಕು. ದಾಲ್ಮಿಯಾಪುರಂ ಬಳಿಯ ಸುಣ್ಣಕಲ್ಲಿನಲ್ಲಿ ಹವಳಗಳಿವೆ. ದಿಬ್ಬ ಕಟ್ಟುವ ಹವಳಕ್ಕೆ ಬೆಚ್ಚನೆಯ, ತಿಳಿಯಾದ, ಬಿಸಿಲು ತಳ ಮುಟ್ಟುವ ನೀರು ಅಗತ್ಯ. ಅದರ ಮೇಲಿನ ಕಾರೈ ಜೇಡಿಪದರದಲ್ಲಿ ಬೆಲೆಮ್ನೈಟ್, ಅಮೋನೈಟ್‌ಗಳದೇ ಮೇಲುಗೈ. ಸತ್ತ ಅಮೋನೈಟಿನ ಚಿಪ್ಪು ತೇಲಿ ದೂರ ಸಾಗಬಲ್ಲದು. ಆದ್ದರಿಂದ ಅದೊಂದನ್ನೇ ನಂಬಿ ಆಳವನ್ನು ಅಳೆಯುವಂತಿಲ್ಲ. ಸುತ್ತಲಿನ ನುಣುಪಾದ ಕೆಸರೂ ಅದನ್ನೇ ಸೂಚಿಸಿದಾಗ ಮಾತ್ರ ನೀರು ಆಳವಾಗಿ, ನಿಶ್ಚಲವಾಗಿತ್ತು ಎನ್ನಬಹುದು. ಬೆಲೆಮ್ನೈಟ್‌ನಲ್ಲಿರುವ ಆಮ್ಲಜನಕದ ಐಸೋಟೋಪುಗಳ ಪ್ರಮಾಣವಂತೂ ಅಂದಿನ ನೀರಿನ ಉಷ್ಣತೆಯ ಅಂದಾಜನ್ನೇ ನೀಡುತ್ತದೆ.

ಕಲ್ಲಂಕುರಿಚಿಯಲ್ಲಿ ಸುಮಾರು 7 ಕೋಟಿ ವರ್ಷ ಹಳೆಯ ಗ್ರೈಫಿಯಾ ಸಿಂಪಿಗಳು ದಟ್ಟ ಹಾಸಾಗಿ ಬಿದ್ದಿವೆ. ಆ ವೇಳೆಗೆ ಅಲ್ಲಿದ್ದುದು ಆಳವಿಲ್ಲದ ಕಡಲು.

ಇದೇ ಸುಣ್ಣಕಲ್ಲು ಸಿಮೆಂಟಿನ ಕಚ್ಚಾವಸ್ತು. ಗಣಿಗಾರಿಕೆಯೇ ಅನೇಕ ಪದರಗಳನ್ನು ಬೆಳಕಿಗೆ ತಂದಿತೆಂಬುದು ನಿಜ. ಅವನ್ನು ಅರೆದು ಪುಡಿಮಾಡುತ್ತಿರುವುದೂ ಅದೇ. ಯಾವ ಪದರದ್ದೆಂದು ಗುರುತು ಹಾಕದೆ ಎತ್ತಿಕೊಂಡು ಹೋದ ಚಿಪ್ಪು ಷೋಕೇಸಿಗಷ್ಟೇ ಅಲಂಕಾರ.