ಹಂಡೆಯ ಬಿಸಿನೀರು, ಜಾತ್ರೆಯ ನಿದ್ದೆಗೇಡು ಮತ್ತು ಫಿಟ್ಸ್

ತಲೆಗೆ ಬಿಸಿನೀರು ಹುಯ್ದುಕೊಂಡರೆ ಫಿಟ್ಸ್ ಬರುತ್ತದೆಯೇ? ಕೆಲವರಿಗೆ ಖಂಡಿತ ಬರುತ್ತದೆ. ಮೂರ್ಛೆ ರೋಗದ ಬಗ್ಗೆ ನಮ್ಮ ಕಡೆ ಓಡಾಡುವ ಮಾತುಗಳಲ್ಲಿ ಹೆಚ್ಚಿನವು ಸುಳ್ಳು. ಆದರೆ ಕೇಳಿದವರು ಸುಲಭವಾಗಿ ನಂಬದ ಈ ಒಂದು ಮಾತು ನಿಜ. ಅದನ್ನು ಜಗತ್ತಿಗೆ ವಿವರವಾಗಿ ತೋರಿಸಿಕೊಟ್ಟವರಲ್ಲಿ ಕರ್ನಾಟಕದ ವೈದ್ಯರೇ ಮುಂದು. ಬೆಂಗಳೂರಿನ ನರರೋಗ ತಜ್ಞ ಡಾ. ಕೆ.ಎಸ್. ಮಣಿ ಮತ್ತು ಸಂಗಡಿಗರು 1968ರಲ್ಲಿ ಇದರ ಬಗ್ಗೆ ವರದಿ ಪ್ರಕಟಿಸಿದರು. 1988ರಲ್ಲಿ ಅಲ್ಲಿನ ನಿಮ್ಹಾನ್ಸ್ ಆಸ್ಪತ್ರೆಯ ಡಾ. ಪಿ. ಸತೀಶ್ಚಂದ್ರ ಅವರ ತಂಡ 279 ರೋಗಿಗಳ ವಿವರಗಳನ್ನು ಕೊಟ್ಟಿತು. ಬೇರೆ ಹೆಚ್ಚಿನ ದೇಶಗಳಲ್ಲಿ ಬೆರಳೆಣಿಕೆಯಷ್ಟು ಕಾಣುವ ಈ ಬಗೆ ದಕ್ಷಿಣ ಕರ್ನಾಟಕದಲ್ಲಿ ಅಪರೂಪವೇನಲ್ಲ.

ಬೆಂಗಳೂರು ನಗರ ಮತ್ತು ಸುತ್ತಲಿನ ಹಳ್ಳಿಗಳಲ್ಲಿ ನಿಮ್ಹಾನ್ಸ್ ನಡೆಸಿದ ಮನೆಮನೆ ಸಮೀಕ್ಷೆಯಲ್ಲಿ ಸಾವಿರ ಜನರಿಗೆ ಸರಾಸರಿ 8.8 ಮಂದಿಗೆ ಮೂರ್ಛೆ ರೋಗವಿರುವುದು ಕಂಡುಬಂತು. ನಗರದಲ್ಲಿ 5.7, ಹಳ್ಳಿಯಲ್ಲಿ ಅದರ ಎರಡರಷ್ಟು, 11.9. ಆ ಸರಾಸರಿಯನ್ನೇ ನಮ್ಮ ಚಿತ್ರದುರ್ಗ ಜಿಲ್ಲೆಯ 2011ರ ಜನಸಂಖ್ಯೆಗೆ, ಅಂದರೆ ಸುಮಾರು 16.6 ಲಕ್ಷಕ್ಕೆ ಹಚ್ಚಿ ನೋಡಿದರೆ ಹದಿನಾಲ್ಕು ಸಾವಿರ ದಾಟುತ್ತದೆ. ಇಷ್ಟು ಜನರಿರುವ ಕಾಯಿಲೆಯನ್ನು ಮನೆಯೊಳಗೆ ಮುಚ್ಚಿಡುತ್ತಿದ್ದೇವೆ.

"ಗಾಳಿ ಸೋಕಿದೆ"

ಸೋಕಿದ್ದು ಗಾಳಿಯಲ್ಲ, ಕೆಟ್ಟಿದ್ದು ಮೆದುಳಿನ ಲಯ. ಮೆದುಳಿನ ಜೀವಕೋಶಗಳು ಸಣ್ಣ ವಿದ್ಯುತ್ ಸಂಕೇತಗಳ ಮೂಲಕ ಒಂದಕ್ಕೊಂದು ಮಾತಾಡುತ್ತವೆ. ಮನುಷ್ಯನ ಮೆದುಳಿನ ಈ ಅಲೆಗಳನ್ನು ಜರ್ಮನಿಯ ಹಾನ್ಸ್ ಬರ್ಗರ್ 1924ರಲ್ಲಿ ಮೊದಲು ದಾಖಲಿಸಿ, 1929ರಲ್ಲಿ ಪ್ರಕಟಿಸಿದರು. ಇಂದಿನ ಇಇಜಿ ಪರೀಕ್ಷೆಯ ಬೇರು ಅಲ್ಲಿದೆ. ಎಚ್ಚರವಾಗಿದ್ದು ಕಣ್ಣು ಮುಚ್ಚಿ ಕೂತವರಲ್ಲಿ ಸೆಕೆಂಡಿಗೆ 8ರಿಂದ 13 ಅಲೆಗಳು ಕಾಣುತ್ತವೆ. ಗಾಢ ನಿದ್ದೆಯಲ್ಲಿ ಅವು ನಾಲ್ಕಕ್ಕಿಂತ ಕೆಳಗಿಳಿದು ದೊಡ್ಡದಾಗುತ್ತವೆ. ಫಿಟ್ಸ್ ಬಂದಾಗ ಮೆದುಳು ನಿಂತುಹೋಗಿರುವುದಿಲ್ಲ. ಸಂತೆಯಲ್ಲಿ ಒಬ್ಬೊಬ್ಬರು ಒಂದೊಂದು ವ್ಯಾಪಾರ ಮಾತಾಡುತ್ತಿದ್ದವರು ಇದ್ದಕ್ಕಿದ್ದಂತೆ ಒಂದೇ ಕೂಗು ಕೂಗತೊಡಗಿದರೆ ಹೇಗೋ ಹಾಗೆ, ಬೇರೆಬೇರೆ ಕೆಲಸದಲ್ಲಿದ್ದ ಲಕ್ಷಾಂತರ ಕೋಶಗಳು ಒಟ್ಟಿಗೆ ಸಿಡಿಯುತ್ತವೆ. ಕೈಕಾಲು ಸೆಟೆಯುವುದು, ಬಾಯಲ್ಲಿ ನೊರೆ ಬರುವುದು ಎಲ್ಲ ಅದರ ಪರಿಣಾಮ.

ಎಲ್ಲರಿಗೂ ಹೀಗೆ ಬಿದ್ದು ಒದ್ದಾಡುವಂಥ ಫಿಟ್ಸೇ ಬರಬೇಕೆಂದಿಲ್ಲ. ಕೆಲವು ಮಕ್ಕಳು ಪಾಠದ ನಡುವೆ ಹತ್ತು ಸೆಕೆಂಡು ಶೂನ್ಯ ನೋಟ ಬೀರಿ, ಮತ್ತೆ ಏನೂ ಆಗದವರಂತೆ ಬರೆಯುತ್ತಾರೆ. ಇಇಜಿಯಲ್ಲಿ ಆ ಹೊತ್ತಿಗೆ ಸೆಕೆಂಡಿಗೆ ಸುಮಾರು ಮೂರು ಚೂಪು ಅಲೆಗಳು ಸಾಲಾಗಿ ಏಳುತ್ತಿರುತ್ತವೆ. "ಓದಿನಲ್ಲಿ ಗಮನವಿಲ್ಲ" ಎಂದು ಅಂಥ ಮಗುವನ್ನು ಬೈದು ಪ್ರಯೋಜನವಿಲ್ಲ.

"ನೀರಿನಲ್ಲೇ ದೋಷವಿದೆ, ತಲೆ ಸ್ನಾನವೇ ಬೇಡ"

ಹೊಸದುರ್ಗ, ಹೊಳಲ್ಕೆರೆ ಕಡೆಯ ತೋಟದ ಮನೆಗಳಲ್ಲಿ ತೆಂಗಿನ ಮಟ್ಟೆ, ಸೋಗೆ ಉರಿಸಿ ಹಂಡೆ ಕಾಯಿಸುವ ಬಚ್ಚಲು ಇನ್ನೂ ಇದೆ. ತಲೆಗೆ ಎಣ್ಣೆ ತಿಕ್ಕಿ, ಹೊಗೆಯಾಡುವ ನೀರನ್ನು ಚೊಂಬಿನ ಮೇಲೆ ಚೊಂಬು ಸುರಿಯುವುದು ನಮ್ಮ ಹಬ್ಬದ ಸ್ನಾನ. ಈ ರೀತಿಯಲ್ಲೇ ಕಾರಣವೂ ಅಡಗಿದೆ. ನೀರು 40ರಿಂದ 50 ಡಿಗ್ರಿ ಸೆಲ್ಸಿಯಸ್ ಇದ್ದು, ನೆತ್ತಿಯ ಮೇಲೆ ಬಿಡುವಿಲ್ಲದೆ ಸುರಿದಾಗ ಈ ಫಿಟ್ಸ್ ಬರುತ್ತದೆ. ಮೈಗೆ ಮಾತ್ರ ಹುಯ್ದುಕೊಂಡರೆ ಸಾಮಾನ್ಯವಾಗಿ ಬರುವುದಿಲ್ಲ. ಬಿಸಿಯೊಂದೇ ಸಾಲದು, ಅದು ತಲೆಯ ಮೇಲೆ ಬೀಳಬೇಕು, ವೇಗವಾಗಿ ಬೀಳಬೇಕು. ಹೆಂಗಸರಿಗಿಂತ ಗಂಡಸರಲ್ಲಿ, ಅದರಲ್ಲೂ ಹುಡುಗರಲ್ಲಿ ಇದು ಹೆಚ್ಚು. ಕೆಲವರಿಗೆ ಆ ಕ್ಷಣ ಒಂದು ಬಗೆಯ ಸುಖವೆನಿಸಿ, ಇನ್ನೂ ಇನ್ನೂ ಸುರಿದುಕೊಳ್ಳುತ್ತಾ ಹೋಗುತ್ತಾರೆ. ಅದನ್ನು ಕಂಡ ಮನೆಯವರು ದೆವ್ವದ ಚೇಷ್ಟೆ ಎಂದು ಹೆದರುವುದು ಸಹಜ. ಹೆದರಿಕೆ ಸಹಜವಾದರೂ ತೀರ್ಮಾನ ತಪ್ಪು.

ಎಲ್ಲರೂ ಅದೇ ನೀರನ್ನೇ ಹುಯ್ದುಕೊಂಡರೂ ಒಬ್ಬರಿಗೆ ಮಾತ್ರ ಏಕೆ? ಉತ್ತರದ ಒಂದು ಪಾಲು ವಂಶವಾಹಿಯಲ್ಲಿದೆ. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಅನುರಂಜನ್ ಆನಂದ್ ಅವರ ತಂಡ ನಿಮ್ಹಾನ್ಸ್ ವೈದ್ಯರ ಜೊತೆ ಸೇರಿ ಇಂಥ ಕುಟುಂಬಗಳನ್ನು ಅಭ್ಯಸಿಸಿತು. 2009ರಲ್ಲಿ 4 ಮತ್ತು 10ನೇ ವರ್ಣತಂತುಗಳ ಒಂದೊಂದು ಭಾಗಕ್ಕೆ ಈ ರೋಗದ ಸಂಬಂಧವಿರುವುದನ್ನು ಗುರುತಿಸಿತು. ನಿಮ್ಹಾನ್ಸ್‌ನಲ್ಲಿ ಇಲಿಗಳ ತಲೆಯ ಮೇಲೆ ಬಿಸಿನೀರು ಬಿಟ್ಟು, ಅವುಗಳ ಮೆದುಳಿನ ಅಲೆಗಳು ಯಾವಾಗ ಕೆಡುತ್ತವೆ ಎಂದೂ ನೋಡಿದ್ದಾರೆ. ದೆವ್ವ ಸೋಕದ ಇಲಿಗೂ ಫಿಟ್ಸ್ ಬಂತು.

ತಲೆ ಸ್ನಾನ ಬಿಡಬೇಕಾಗಿಲ್ಲ, ರೀತಿ ಬದಲಿಸಿದರೆ ಸಾಕು. ಉಗುರು ಬೆಚ್ಚಗಿನ ನೀರು, ಸಣ್ಣ ಚೊಂಬು, ನಿಧಾನ. ಬಚ್ಚಲ ಅಗುಳಿ ಹಾಕಬೇಡಿ. ಒಲೆಯನ್ನೂ ಕುದಿಯುವ ಹಂಡೆಯನ್ನೂ ದೂರವಿಡಿ. ಅಷ್ಟಕ್ಕೂ ನಿಲ್ಲದಿದ್ದರೆ ಸ್ನಾನಕ್ಕೆ ಮುಂಚೆ ತೆಗೆದುಕೊಳ್ಳುವ ಕ್ಲೊಬಜಾಮ್ ಮಾತ್ರೆಯನ್ನು ವೈದ್ಯರು ಬರೆದುಕೊಡುತ್ತಾರೆ. ಹಾಗೆಂದು ಉದಾಸೀನ ಸಲ್ಲದು: ಇವರಲ್ಲಿ ನಾಲ್ಕರಲ್ಲೊಬ್ಬರಿಗೆ, ಕೆಲವು ವರದಿಗಳಲ್ಲಿ ಮೂರರಲ್ಲೊಬ್ಬರಿಗೆ, ಮುಂದೆ ಬಿಸಿನೀರಿನ ನೆವವಿಲ್ಲದೆಯೂ ಫಿಟ್ಸ್ ಬರತೊಡಗಿದ್ದುಂಟು.

"ಅಮಾವಾಸ್ಯೆ, ಜಾತ್ರೆ ಬಂದರೆ ಬರುತ್ತೆ"

ಚಂದ್ರನನ್ನು ಬಿಟ್ಟು ನಿದ್ದೆಯ ಕಡೆ ನೋಡಿ. ಹಿರಿಯೂರಿನ ತೇರುಮಲ್ಲೇಶ್ವರ ಜಾತ್ರೆ ಇರಲಿ, ಊರ ಬಯಲಾಟವಿರಲಿ, ರಾತ್ರಿಯೆಲ್ಲ ಎಚ್ಚರ, ಹೊತ್ತಲ್ಲದ ಹೊತ್ತಿನ ಊಟ, ಮರೆತ ಮಾತ್ರೆ. ಮಾರನೆಯ ಬೆಳಗ್ಗೆ ಎದ್ದ ಸ್ವಲ್ಪ ಹೊತ್ತಿಗೆ ಕೈ ಜಗ್ಗಿ ಕಾಫಿ ಲೋಟ ಜಾರುತ್ತದೆ, ಆಮೇಲೆ ದೊಡ್ಡ ಫಿಟ್ಸ್. ಹದಿಹರೆಯದಲ್ಲಿ ಶುರುವಾಗುವ ಒಂದು ಬಗೆಯ ಮೂರ್ಛೆ ರೋಗದ ಪಕ್ಕಾ ಲಕ್ಷಣವಿದು. ನಿದ್ದೆಗೆಟ್ಟ ಮೆದುಳಿನ ಕೋಶಗಳು ಬೇಗ ಕೆರಳುತ್ತವೆ. ಅದಕ್ಕೇ ಎಷ್ಟೋ ಸಲ ವೈದ್ಯರೇ "ರಾತ್ರಿ ನಿದ್ದೆ ಮಾಡದೆ ಇಇಜಿಗೆ ಬನ್ನಿ" ಎನ್ನುತ್ತಾರೆ. ಪರೀಕ್ಷೆಯ ಮೇಜಿನ ಮೇಲೆ ತೂಕಡಿಕೆ ಹತ್ತಿದಾಗ, ಎಚ್ಚರದಲ್ಲಿ ಅವಿತಿದ್ದ ಚೂಪು ಅಲೆಗಳು ಹೊರಬೀಳುತ್ತವೆ.

ಹಾಗಾದರೆ ನಿದ್ದೆ ಒಳ್ಳೆಯದೋ ಕೆಟ್ಟದೋ? ನಿದ್ದೆ ಎಂದರೆ ಮೆದುಳಿಗೆ ರಜೆ ಎಂದುಕೊಂಡವರಿಗೆ ಇದು ಒಗಟು. ನಿದ್ದೆಯಲ್ಲಿ ಮೆದುಳು ಹಂತದಿಂದ ಹಂತಕ್ಕೆ ಲಯ ಬದಲಿಸುತ್ತಿರುತ್ತದೆ. ನಿಧಾನ ಅಲೆಗಳ ಹಂತದಲ್ಲಿ ಕೋಶಗಳು ಒಟ್ಟೊಟ್ಟಿಗೆ ಏಳುತ್ತ ಬೀಳುತ್ತ ಇರುವುದರಿಂದ ಫಿಟ್ಸಿನ ಕಿಡಿ ಹಬ್ಬಲು ದಾರಿ ಸಲೀಸು. ಹೆಚ್ಚಾಗಿ ಕನಸು ಬೀಳುವ, ಕಣ್ಣಾಲಿಗಳು ಓಡಾಡುವ ಹಂತದಲ್ಲಿ ಆ ಒಟ್ಟುಗೂಡಿಕೆ ಮುರಿಯುತ್ತದೆ, ಕಿಡಿಯೂ ಅಡಗುತ್ತದೆ. ಆದ್ದರಿಂದ ಕೆಲವರಿಗೆ ನಿದ್ದೆಯಲ್ಲಷ್ಟೇ ಫಿಟ್ಸ್ ಬರುತ್ತದೆ, ಅದೂ ಗೊತ್ತಿಲ್ಲದಂತೆ. ಬೆಳಗ್ಗೆ ನಾಲಿಗೆ ಕಚ್ಚಿರುವುದು, ದಿಂಬಿನ ಮೇಲೆ ರಕ್ತದ ಕಲೆ, ಒದ್ದೆಯಾದ ಹಾಸಿಗೆ, ಹೊಡೆಸಿಕೊಂಡಂಥ ಮೈನೋವು ಕಂಡರೆ "ರಾತ್ರಿ ಬಂದದ್ದು ಲೆಕ್ಕಕ್ಕಿಲ್ಲ" ಎನ್ನಬೇಡಿ. ರಾತ್ರಿಯ ಫಿಟ್ಸೇ ಹೆಚ್ಚು ಅಪಾಯ. ಮಲಗಿದಲ್ಲೇ ಜೀವ ಹೋದ ಪ್ರಸಂಗಗಳಿವೆ.

"ಇಇಜಿ ನಾರ್ಮಲ್, ಕಾಯಿಲೆ ಇಲ್ಲ"

ಅರ್ಧ ಗಂಟೆಯ ಪಟ್ಟಿಯಲ್ಲಿ ಅಲೆ ಸರಿಯಾಗಿದೆ ಎಂದರೆ ಆ ಅರ್ಧ ಗಂಟೆ ಸರಿಯಾಗಿತ್ತು, ಅಷ್ಟೆ. ಬಿಸಿನೀರಿನ ಫಿಟ್ಸ್ ಇರುವ ಹೆಚ್ಚಿನವರ ಇಇಜಿ ಉಳಿದ ಹೊತ್ತಿನಲ್ಲಿ ಸಹಜವಾಗಿಯೇ ಇರುತ್ತದೆ. ಅಂದಹಾಗೆ ಇಇಜಿ ಎಂದರೆ ಕರೆಂಟು ಕೊಡುವುದಲ್ಲ, ಮೆದುಳಲ್ಲಿರುವುದನ್ನು ಬರೆದುಕೊಳ್ಳುವುದು.

ಕಬ್ಬಿಣ, ಈರುಳ್ಳಿ, ಚಪ್ಪಲಿ

ಫಿಟ್ಸ್ ಬಂದವರ ಕೈಗೆ ಕಬ್ಬಿಣ ಕೊಡುವುದು, ಮೂಗಿಗೆ ಈರುಳ್ಳಿ, ಚಪ್ಪಲಿ ಹಿಡಿಯುವುದು ಯಾವುದೂ ಬೇಡ. ಹೆಚ್ಚಿನ ಫಿಟ್ಸ್ ಒಂದೆರಡು ನಿಮಿಷದಲ್ಲಿ ತಾನಾಗಿ ನಿಲ್ಲುತ್ತದೆ. ಬೀಗದ ಕೈ ಕೊಟ್ಟದ್ದರಿಂದ ನಿಂತಿತು ಎಂದು ಕಾಣುವುದು ಅದಕ್ಕೇ. ಒಂದು ಮಗ್ಗುಲಿಗೆ ಹೊರಳಿಸಿ, ತಲೆಯ ಕೆಳಗೆ ಟವೆಲ್ ಇಡಿ, ಬಾಯಿಗೆ ಚಮಚ ತುರುಕಬೇಡಿ, ನೀರು ಹಾಕಬೇಡಿ, ಗಡಿಯಾರ ನೋಡಿ. ಐದು ನಿಮಿಷ ದಾಟಿದರೆ 108ಕ್ಕೆ ಫೋನ್ ಮಾಡಿ. ಮುಟ್ಟಿದರೆ ಅಂಟುವ ಕಾಯಿಲೆ ಇದಲ್ಲ.

"ಮದುವೆ ಊರ್ಜಿತವಾಗುವುದಿಲ್ಲ"

ಹಿಂದೂ ವಿವಾಹ ಕಾಯ್ದೆಯಲ್ಲಿ ಹಿಂದೆ ಅಂಥದೊಂದು ಮಾತಿತ್ತು. 1999ರ ತಿದ್ದುಪಡಿಯಲ್ಲಿ ಮೂರ್ಛೆ ರೋಗವನ್ನು ಆ ಸಾಲಿನಿಂದ ತೆಗೆದುಹಾಕಲಾಗಿದೆ. ಕಾನೂನು ಬಿಟ್ಟಿದೆ, ನಾವೂ ಬಿಡಬೇಕು.

ಸರಿಯಾಗಿ ಮಾತ್ರೆ ತೆಗೆದುಕೊಂಡರೆ ನೂರಕ್ಕೆ ಎಪ್ಪತ್ತು ಮಂದಿ ಫಿಟ್ಸ್ ಇಲ್ಲದೆ ಬದುಕಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ದುಬಾರಿ ಔಷಧವೇ ಬೇಕೆಂದೂ ಇಲ್ಲ: ಯಳಂದೂರಿನ ಹಳ್ಳಿಗಳಲ್ಲಿ ಡಾ. ಮಣಿಯವರ ತಂಡ ಫಿನೋಬಾರ್ಬಿಟಾಲ್, ಫಿನೈಟಾಯಿನ್ ಎಂಬ ಅಗ್ಗದ ಮಾತ್ರೆಗಳಿಂದಲೇ ರೋಗ ಹತೋಟಿಗೆ ತರಬಹುದೆಂದು ತೋರಿಸಿತು. ಅದು 2001ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಹತೋಟಿಗೆ ಬರುವವರೆಗೆ ತೆಂಗಿನ ಮರ ಹತ್ತುವುದು, ಬಾವಿಯಲ್ಲಿ, ವಾಣಿವಿಲಾಸ ಸಾಗರದಲ್ಲಿ ಒಂಟಿಯಾಗಿ ಈಜುವುದು ಬೇಡ. ಉಪವಾಸವೆಂದೋ ಚೆನ್ನಾಗಿದ್ದೇನೆಂದೋ ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ. ಮನೆಯಲ್ಲಿ ಯಾರಿಗಾದರೂ ಮತ್ತೆ ಫಿಟ್ಸ್ ಬಂದರೆ ಮೊಬೈಲಿನಲ್ಲಿ ಚಿತ್ರೀಕರಿಸಿಕೊಳ್ಳಿ, ಹಿಂದಿನ ರಾತ್ರಿ ಎಷ್ಟು ಹೊತ್ತು ಮಲಗಿದ್ದರು, ಸ್ನಾನವಾಗಿತ್ತೇ ಎಂದು ಬರೆದಿಡಿ, ಅದನ್ನು ತಾಲ್ಲೂಕು ಆಸ್ಪತ್ರೆಗೋ ಚಿತ್ರದುರ್ಗದ ಜಿಲ್ಲಾ ಆಸ್ಪತ್ರೆಗೋ ತೆಗೆದುಕೊಂಡು ಹೋಗಿ ವೈದ್ಯರಿಗೆ ತೋರಿಸಿ.